ಒಂದು ಶೀಶೆಗೆ, ಒಂದು ನನಗೆ

ಇಳಿತದ ಹೊತ್ತು, ಬೆಳಗಿನ ನಾಲ್ಕೂ ಮುಕ್ಕಾಲು.
ಪಲಾವಾನಿನ ಕೆಸರಲ್ಲಿ ಮೊಣಕಾಲುದ್ದ ಹೂತು
ಹೆರ್ಮೊಹೆನೆಸ್ ಬಿದ್ದ ಕಾಂಡ್ಲಾ ಮರಕ್ಕೆ ಕಿವಿಯಿಡುತ್ತಾನೆ,
ಸೂಲಗಿತ್ತಿ ಬಸುರಿಯ ಹೊಟ್ಟೆಗೆ ಇಟ್ಟ ಹಾಗೆ.
"ಇದರಲ್ಲಿವೆ."
ಹೇಗೆ ಗೊತ್ತು ಎಂದರೆ, "ಟೊಳ್ಳು ಸುಮ್ಮನಿರಲ್ಲ."

ಕೊಡಲಿಯ ಎರಡೇಟು. ಮರ ಒಣರೊಟ್ಟಿಯಂತೆ ಮುರಿಯುತ್ತದೆ.
ಒಳಗೆ ಓಣಿಗಳು, ಸುಣ್ಣ ಬಳಿದ ಗೋಡೆಯ ಓಣಿಗಳು,
ಒಂದೊಂದರಲ್ಲೂ ಮೊಳದುದ್ದ ಬಿಳಿ ಲೋಳೆ:
ತಾಮಿಲೋಕ್.
ನೋಡಲು ಹುಳು, ಹುಟ್ಟಿನಿಂದ ಕಪ್ಪೆಚಿಪ್ಪಿನ ದಾಯಾದಿ;
ಚಿಪ್ಪನ್ನು ಮೈಗೆ ಹೊದೆಯದೆ
ಹಲ್ಲು ಮಾಡಿಕೊಂಡಿತು, ಅಷ್ಟೆ.
"ಒಂದು ನಿನ್ನ ಶೀಶೆಗೆ, ಒಂದು ನನಗೆ,"
ಎನ್ನುತ್ತ ಎರಡನೆಯದನ್ನು ತೆಂಗಿನ ಹುಳಿಯಲ್ಲದ್ದಿ
ಕತ್ತೆತ್ತಿ ನುಂಗುತ್ತಾನೆ.
ಲೆಕ್ಕ ತಪ್ಪಿದಾಗೆಲ್ಲ ಅದು ತಪ್ಪುವುದು ಅವನ ಕಡೆಗೇ.

ಲ್ಯಾಬಿಗೆ ಬರುವಷ್ಟರಲ್ಲಿ ಮಂಜುಗಡ್ಡೆ ಅರ್ಧ ನೀರು.
ಹೊಟ್ಟೆಯಲ್ಲಿ ಹುಡುಕಬೇಡ ಕ್ರಿಸಾಂತಾ ಎಂದು
ಮೊದಲ ತಿಂಗಳು ಯಾರೂ ನನಗೆ ಹೇಳಲಿಲ್ಲ.
ಹೊಟ್ಟೆ ತುಂಬ ಮರದ ಹಿಟ್ಟು, ಅಡುಗೆಯವರ ಸುಳಿವಿಲ್ಲ.
ಅವರಿರುವುದು ಕಿವಿರಿನಲ್ಲಿ,
ಉಸಿರಾಡುವ ಜಾಗದಲ್ಲೇ ಒಲೆ ಹೂಡಿಕೊಂಡು,
ಕಣ್ಣಿಗೆ ಕಾಣದಷ್ಟು ಸಣ್ಣವರು.
ಅಲ್ಲಿಂದ ಬರಿಯ ಕಿಣ್ವವನ್ನು ಒಳದಾರಿಯಲ್ಲಿ ಕಳಿಸುತ್ತಾರೆ,
ತಾವು ಪಂಕ್ತಿಗೆ ಬರುವುದಿಲ್ಲ.

ಕಿವಿರು ಅರೆದೆ. ತಟ್ಟೆಗೆ ಬಳಿದೆ.
ತಿನ್ನಲು ನಾರೊಂದೇ ಇಟ್ಟು ಮುಚ್ಚಿದೆ.
ಒಮ್ಮೆ ಬೂಷ್ಟು ಬಂತು. ಒಮ್ಮೆ ಕರೆಂಟು ಹೋಯಿತು.
ಒಮ್ಮೆ ಏನೂ ಬರಲಿಲ್ಲ, ಅದೇ ಹೆಚ್ಚು ಸಲ.
ಆಮೇಲೊಂದು ಶನಿವಾರ
ಕೆಂಪು ಬಣ್ಣ ಹುಯ್ದು ಉಪ್ಪುನೀರಲ್ಲಿ ಅಲುಬಿದಾಗ
ಕೆಂಪಿನ ನಡುವೆ ಒಂದು ಪೇಲವ ಬಳೆ:
ಯಾರೋ ಕೂತು ಉಂಡೆದ್ದು ಹೋದ ಜಾಗ.
ಚಂದ್ರ ಕೊಡೆ ಹಿಡಿದಂತೆ, ಎಂದರು ಡಾಕ್ಟರ್ ತಿರೋಲ್.
ನನಗೆ ಕಂಡದ್ದು
ಬಿಸಿ ಲೋಟ ಇಟ್ಟೆತ್ತಿದ ಮೇಜಿನ ಕಲೆ.

ಸಕ್ಕರೆ ಹಾಕಿದರೆ ದಂಡಿಯಾಗಿ ಬೆಳೆದವು,
ಕಿಣ್ವ ಮಾತ್ರ ಹನಿಯೂ ಬಿಡಲಿಲ್ಲ.
ಕೂತಲ್ಲಿಗೆ ಅನ್ನ ಬಂದರೆ ಒಲೆ ಯಾಕೆ ಹೊತ್ತಿಸಬೇಕು?
ಮರದ ಹೊಟ್ಟು ಕೊಟ್ಟೆವು. ಮುನಿಸಿಕೊಂಡು, ನಿಧಾನವಾಗಿ,
ಕೊಡತೊಡಗಿದವು.
ಡಾಕ್ಟರ್ ಬೋರ್ಡಿನ ಮೇಲೆ ಗೆರೆಯೆಳೆದು ವಿವರಿಸುತ್ತಿದ್ದರು,
ನಾನು ನನ್ನ ತಮ್ಮನನ್ನು ನೆನೆಯುತ್ತಿದ್ದೆ.

ಮನಿಲಾದಿಂದ ಇಬ್ಬರು ಬಂದರು, ಜೀನ್ಸಿನ ತುಂಡು ಹಿಡಿದು.
ಹೊಸ ನೀಲಿಯನ್ನು ಹಳತಾಗಿಸಲು ಕಲ್ಲು ಹಾಕಿ ಉಜ್ಜುತ್ತಾರಂತೆ;
ನಮ್ಮ ಹನಿ ಅದಕ್ಕೆ ಒಂದೇ ಮಧ್ಯಾಹ್ನದಲ್ಲಿ
ಹತ್ತು ವರ್ಷ ವಯಸ್ಸು ತಂದಿತು.
ತಿಂಗಳಿಗೆ ಎಷ್ಟು ಲೀಟರ್, ಎಂದರು.
ಇದ್ದದ್ದು ಒಂದು ಚಮಚ.

ಅದರಲ್ಲೇ ಅರ್ಧ ಹೆರ್ಮೊಹೆನೆಸನಿಗೆ ಒಯ್ದೆ.
ಅವನ ದೋಣಿ ದಡದಲ್ಲಿ ಬೋರಲಾಗಿತ್ತು,
ತಳದ ತುಂಬ ಸೂಜಿಮೊನೆಯ ತೂತು.
"ಇವರೇ," ಎಂದ, ಹೊರಗಿನವರಿಗೆ ಮನೆಯವರನ್ನು ತೋರಿಸುವಂತೆ.
"ನಾನು ಅವರನ್ನು ತಿಂದೆ, ಅವರು ಇದನ್ನು.
ನಿನ್ನ ಶೀಶೆಯಲ್ಲಿ ಇದಕ್ಕೆ ಔಷಧಿ ಇದೆಯಾ?"
ಇಲ್ಲ.
ತಿನ್ನುವುದು ಹೇಗೆಂದು ಕಲಿತಿದ್ದೆವು ನಾವು,
ನಿಲ್ಲಿಸುವುದು ಹೇಗೆಂದಲ್ಲ.

ಬಿಳಿ ಕಾಗದದ ಚೂರಿಗೆ ಎರಡು ಹನಿ ಬಿಟ್ಟು ಬಟ್ಟಲಲ್ಲಿಟ್ಟೆ.
ಕತ್ತಲಾಗುವ ತನಕ ಇಬ್ಬರೂ ತೂತಿಗೆ ಡಾಮರು ಮೆತ್ತಿದೆವು.
ಅಷ್ಟರಲ್ಲಿ ಕಾಗದ ಮೆತ್ತಗಾಗಿ, ಗಂಜಿಯಾಗಿ,
ಬೆರಳಿಗೆ ಹತ್ತುತ್ತಿತ್ತು.
"ಮರ ಇಲ್ಲಿ ಸಕ್ಕರೆಯಾಗಿದೆ," ಎಂದೆ, ಸ್ವಲ್ಪ ಜಂಬದಲ್ಲೇ.
ಬೇಡ ಅನ್ನುವ ಮೊದಲೇ ನಾಲಿಗೆಗೆ ಸವರಿಕೊಂಡ.

"ಉಪ್ಪು," ಎಂದ.
ಬಹಳ ಹೊತ್ತಿನ ಮೇಲೆ, ಕೈಯ ಡಾಮರು ಉಜ್ಜುತ್ತ,
"ಅದರ ಹಿಂದೆ ಏನೋ ಇದೆ."